ಪ್ಯಾರಾಮೋಟಾರ್ ಜೋಡಣೆ ಮತ್ತು ಹಾರಾಟ: ನಾನು ಪಾಲಿಸುವ ಕ್ರಮ

ಪ್ಯಾರಾಮೋಟಾರ್ ಎಂದರೆ ಬೆನ್ನಿಗೆ ಕಟ್ಟಿಕೊಳ್ಳುವ ಎಂಜಿನ್ ಮತ್ತು ಪ್ರೊಪೆಲ್ಲರ್, ಜೊತೆಗೆ ತಲೆಯ ಮೇಲೆ ಹಾರುವ ಬಟ್ಟೆಯ ರೆಕ್ಕೆ. ರೆಕ್ಕೆ ಆರಿಸುವ ಮೊದಲು ತಕ್ಕಡಿ ಬೇಕು. ರೆಕ್ಕೆಯ ಲೇಬಲ್ಲಿನಲ್ಲಿ ನಮೂದಿಸಿರುವ ತೂಕದ ಮಿತಿಯನ್ನು ಹೊಸಬರು ಮೈತೂಕಕ್ಕೆ ಹೋಲಿಸಿ ಮೋಸಹೋಗುತ್ತಾರೆ. ಅದು ನೆಲ ಬಿಟ್ಟು ಮೇಲೇರುವ ಎಲ್ಲದರ ಒಟ್ಟು ತೂಕ. ಮೈತೂಕ 75 ಕಿಲೋ ಇದ್ದರೆ ನನ್ನ ಲೆಕ್ಕ ಹೀಗೆ: ಬಟ್ಟೆ, ಬೂಟು, ಹೆಲ್ಮೆಟ್ 4, ಎಂಜಿನ್, ಕೇಜ್ (ಪ್ರೊಪೆಲ್ಲರ್ ಸುತ್ತಲಿನ ಬಲೆಯ ಚೌಕಟ್ಟು), ಹಾರ್ನೆಸ್ (ಪೈಲಟ್ ಕೂರುವ ಪಟ್ಟಿಗಳ ಆಸನ) ಸೇರಿ 27, ರೆಕ್ಕೆ 5.5, ರಿಸರ್ವ್ ಪ್ಯಾರಾಶೂಟ್ 2, ಹತ್ತು ಲೀಟರ್ ಪೆಟ್ರೋಲ್ ಸುಮಾರು 7.5. ಒಟ್ಟು 121 ಕಿಲೋ. ಈ ಅಂಕಿ ಲೇಬಲ್ಲಿನ ಮಿತಿಯ ನಡುಮಧ್ಯದಿಂದ ತುಸು ಮೇಲೆ ಬಿದ್ದರೆ ಒಳ್ಳೆಯದು. ಭಾರ ಕಡಿಮೆಯಾದರೆ ರೆಕ್ಕೆ ಮಂದವಾಗಿ, ಗಾಳಿಯ ಹೊಡೆತಕ್ಕೆ ಬೇಗ ಮಡಚಿಕೊಳ್ಳುತ್ತದೆ. ಭಾರ ಮಿತಿ ಮೀರಿದರೆ ಓಟ ಉದ್ದವಾಗುತ್ತದೆ, ರೆಕ್ಕೆ ಪ್ರತಿಯೊಂದಕ್ಕೂ ಚುರುಕಾಗಿ ಎಗರುತ್ತದೆ.

ಇನ್ನು ಜೋಡಣೆ. ಸಾಮಾನ್ಯವಾಗಿ ಕೇಜ್ ನಾಲ್ಕು ತುಂಡುಗಳಲ್ಲಿ ಬರುತ್ತದೆ. ಒಂದರ ಕೊಳವೆ ಇನ್ನೊಂದರ ತುದಿಗೆ ಕೂರಬೇಕು, ಸುತ್ತಿಗೆಯ ಪೆಟ್ಟು ಬೇಕಾಯಿತೆಂದರೆ ಎಲ್ಲೋ ಬಾಗಿದೆ ಅಂತಲೇ ಅರ್ಥ. ವೆಲ್ಡಿಂಗ್ ಮಾಡಿದ ಜಾಗಗಳ ಮೇಲೆ ಉಗುರು ಆಡಿಸಿ ಬಿರುಕು ನೋಡುತ್ತೇನೆ. ಬಲೆ ಬಿಗಿಯಾಗಿರಬೇಕು: ಅಂಗೈಯಿಂದ ಜೋರಾಗಿ ಒತ್ತಿದರೂ ಅದು ಪ್ರೊಪೆಲ್ಲರಿಗೆ ತಾಗಬಾರದು. ಪ್ರೊಪೆಲ್ಲರ್ ಯಾವಾಗಲೂ ಕೊನೆಗೆ.

ಪ್ರೊಪೆಲ್ಲರ್ ಮುಟ್ಟುವ ಮೊದಲು ಪ್ಲಗ್ ಕ್ಯಾಪ್ ಕಿತ್ತಿಡಬೇಕು. ಬೋಲ್ಟುಗಳನ್ನು ಒಂದರ ಎದುರಿನದು ಒಂದು ಎಂಬ ಕ್ರಮದಲ್ಲಿ, ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯುತ್ತೇನೆ. ಎಷ್ಟು ಬಿಗಿ ಎಂಬುದು ತಯಾರಕರ ಕೈಪಿಡಿಯಲ್ಲಿರುತ್ತದೆ. ಆರು ಮಿಲಿಮೀಟರಿನ ಬೋಲ್ಟಿಗೆ ಬಹುಪಾಲು 8ರಿಂದ 10 ನ್ಯೂಟನ್ ಮೀಟರ್ ಆಸುಪಾಸು. ಮರದ ಪ್ರೊಪೆಲ್ಲರ್ ಒಣಹವೆಗೆ ಕುಗ್ಗುತ್ತದೆ, ಹಾಗಾಗಿ ಮೊದಲ ಹಾರಾಟದ ನಂತರ ಮತ್ತೊಮ್ಮೆ ಬಿಗಿ ನೋಡಲೇಬೇಕು. ಬೋಲ್ಟಿನ ತಲೆಯಿಂದ ಪಕ್ಕದ ತಟ್ಟೆಯವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಬೋಲ್ಟು ಸಡಿಲಾದ ದಿನ ಗೆರೆ ಮುರಿದು ತೋರಿಸುತ್ತದೆ. ಆಮೇಲೆ ಕೈಯಿಂದ ನಿಧಾನವಾಗಿ ತಿರುಗಿಸಿ, ತುದಿಗೂ ಕೇಜಿನ ಬಳೆಗೂ ಇರುವ ಅಂತರವನ್ನು ಎಂಟು ಕಡೆ ಅಳೆಯುತ್ತೇನೆ. ನಿಂತಾಗ ಮೂರು ಸೆಂಟಿಮೀಟರ್ ಕಂಡರೆ ನನಗೆ ಸಾಲದು, ಯಾಕೆಂದರೆ ಎಂಜಿನ್ ಪೂರ್ತಿ ಎಳೆಯುವಾಗ ಕೇಜ್ ಬಾಗುತ್ತದೆ, ಎಂಜಿನ್ನನ್ನು ಹಿಡಿದ ರಬ್ಬರ್ ಮೌಂಟುಗಳೂ ಬಾಗುತ್ತವೆ. ಬಳೆಯನ್ನು ಒಳಕ್ಕೆ ಒತ್ತಿ ಹಿಡಿದು ಮತ್ತೆ ಅಳೆದರೆ ನಿಜ ಗೊತ್ತಾಗುತ್ತದೆ. ಎರಡೂ ಅಲಗುಗಳ ತುದಿ ಒಂದೇ ಬಿಂದುವನ್ನು ಹಾದುಹೋಗಬೇಕು. ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಿಚ್ಚಿ ಮತ್ತೆ ಕೂರಿಸುವುದೇ ಸರಿ.

ಇಷ್ಟು ಹಟ ಯಾಕೆಂದರೆ: ಎಂಜಿನ್ ನಿಮಿಷಕ್ಕೆ 7,800 ಸುತ್ತು ತಿರುಗಿ, ರಿಡಕ್ಷನ್ (ವೇಗ ತಗ್ಗಿಸುವ ಗೇರಿನ ಅನುಪಾತ) 2.68 ಇದ್ದರೆ ಪ್ರೊಪೆಲ್ಲರ್ 2,900 ಸುತ್ತು. 125 ಸೆಂಟಿಮೀಟರ್ ವ್ಯಾಸದ ಪ್ರೊಪೆಲ್ಲರಿನ ತುದಿ ಸೆಕೆಂಡಿಗೆ 190 ಮೀಟರ್, ಅಂದರೆ ಗಂಟೆಗೆ 680 ಕಿಲೋಮೀಟರ್ ವೇಗದಲ್ಲಿ ಬೆನ್ನ ಹಿಂದೆ ಸುತ್ತುತ್ತಿರುತ್ತದೆ. ಎಂಜಿನ್ನಿನಿಂದ ಕಳಚಿದ ಯಾವ ಚೂರೂ ಪ್ರೊಪೆಲ್ಲರಿನ ಮೂಲಕವೇ ಹೊರಹೋಗುತ್ತದೆ. ಸೈಲೆನ್ಸರಿನ ಸ್ಪ್ರಿಂಗುಗಳೇ ಇದರಲ್ಲಿ ಮೊದಲು. ಕಂಪನಕ್ಕೆ ಅವು ತಮ್ಮ ಕೊಂಡಿಯನ್ನೇ ಅರೆದುಕೊಂಡು ಮುರಿಯುತ್ತವೆ. ಸ್ಪ್ರಿಂಗಿನ ಸುರುಳಿಗೆ ಶಾಖ ತಡೆಯುವ ಸಿಲಿಕೋನ್ ತುಂಬಿ, ಒಳಗೆ ತಂತಿ ಹಾಯಿಸಿ ಎರಡೂ ತುದಿ ಕಟ್ಟಿದರೆ, ಮುರಿದರೂ ಅಲ್ಲೇ ನೇತಾಡುತ್ತದೆ. ಬೋಲ್ಟುಗಳಿಗೆ ನೀಲಿ ಥ್ರೆಡ್ ಲಾಕರ್ (ಸಡಿಲಾಗದಂತೆ ಹಿಡಿಯುವ ಅಂಟು) ಸಾಕು. ಕೆಂಪು ಬಣ್ಣದ್ದು ಹಾಕಿದರೆ ಮುಂದೆ ಬಿಚ್ಚುವಾಗ ಕಾಯಿಸಬೇಕಾಗುತ್ತದೆ. ಜೇಬಿನ ಜಿಪ್ ಹಾಕಿರಬೇಕು, ಕುತ್ತಿಗೆಗೆ ಸುತ್ತಿದ ಮಫ್ಲರ್, ತೂಗಾಡುವ ದಾರ, ಕೈಬಿಟ್ಟರೆ ಹಾರುವ ಮೊಬೈಲ್ ಯಾವುದೂ ಇರಬಾರದು.

ಜೋಡಣೆಯಲ್ಲಿ ಜನ ಬಿಟ್ಟುಬಿಡುವ ಹೆಜ್ಜೆ ನೇತು ಪರೀಕ್ಷೆ. ನನ್ನ ಮಟ್ಟಿಗೆ ಇದಿಲ್ಲದೆ ಜೋಡಣೆ ಮುಗಿದ ಹಾಗಲ್ಲ. ಗಟ್ಟಿ ತೊಲೆಯಿಂದ ಎರಡು ಪಟ್ಟಿ ಇಳಿಬಿಟ್ಟು, ರೈಸರ್ (ರೆಕ್ಕೆಯ ದಾರಗಳನ್ನು ಹಾರ್ನೆಸ್ಸಿಗೆ ಸೇರಿಸುವ ಪಟ್ಟಿ) ಸಿಕ್ಕಿಸುವ ಅದೇ ಕ್ಯಾರಬಿನರುಗಳಿಗೆ ಹಾಕಿ, ಎಂಜಿನ್ ಸಮೇತ ನೇತಾಡಬೇಕು. ಎಂಜಿನ್ ಚಾಲೂ ಮಾಡುವುದಿಲ್ಲ. ಪಕ್ಕದಿಂದ ಒಬ್ಬರು ನೋಡಿ ಪ್ರೊಪೆಲ್ಲರಿನ ತಟ್ಟೆ (ಅದು ಸುತ್ತುವ ವೃತ್ತ) ಎಷ್ಟು ಹಿಂದಕ್ಕೆ ವಾಲಿದೆ ಎಂದು ಅಳೆಯಬೇಕು. ಲಂಬದಿಂದ ಹತ್ತು ಡಿಗ್ರಿಯ ಆಸುಪಾಸು ಹಿಂದೆ ವಾಲಿದ್ದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಹದಿನೈದು ದಾಟಿದರೆ ಪೂರ್ತಿ ಥ್ರಾಟಲ್‌ನಲ್ಲಿ ಮೈ ಪಕ್ಕಕ್ಕೆ ತಿರುಗಿ ರೈಸರುಗಳು ಒಂದಕ್ಕೊಂದು ಹೆಣೆದುಕೊಳ್ಳುವ ಅಪಾಯ ಹೆಚ್ಚು. ಪೂರ್ತಿ ನೆಟ್ಟಗಿದ್ದರೆ ಎಂಜಿನ್ ಬೆನ್ನನ್ನು ಮುಂದಕ್ಕೆ ಒತ್ತಿ ಹಾರ್ನೆಸ್ಸಿನಲ್ಲಿ ಹಿಂದೆ ಸರಿದು ಕೂರಲು ಬಿಡುವುದಿಲ್ಲ. ಕ್ಯಾರಬಿನರ್ ಕೊಂಡಿಯನ್ನು ಒಂದು ರಂಧ್ರ ಮುಂದೆ ಹಿಂದೆ ಮಾಡಿದರೂ ಕೋನ ಚೆನ್ನಾಗಿಯೇ ಬದಲಾಗುತ್ತದೆ. ಟ್ಯಾಂಕ್ ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ಅಳೆಯುವುದು ಒಳ್ಳೆಯದು.

ನೇತಾಡುತ್ತಿರುವಾಗಲೇ ಇನ್ನೂ ಮೂರು ಕೆಲಸ. ನಿಂತ ಭಂಗಿಯಿಂದ ಕೈ ಬಳಸದೆ ಸೀಟಿಗೆ ಸರಿಯಲು ಬರಬೇಕು, ಬರದಿದ್ದರೆ ತೊಡೆಪಟ್ಟಿಯ ಉದ್ದ ಸರಿಪಡಿಸಬೇಕು. ಇಪ್ಪತ್ತು ಮೀಟರ್ ಎತ್ತರದಲ್ಲಿ ಬ್ರೇಕ್ (ರೆಕ್ಕೆಯ ಹಿಂಬದಿಯನ್ನು ಕೆಳಗೆಳೆಯುವ ಹಿಡಿ) ಬಿಟ್ಟು ಸೀಟಿಗಾಗಿ ತಡಕಾಡುವುದೇ ಒಂದು ಅಪಘಾತದ ಆರಂಭ. ಎರಡನೆಯದು, ಕಣ್ಣುಮುಚ್ಚಿ ರಿಸರ್ವ್ ಹಿಡಿಗೆ ಕೈಹಾಕಿ ಎಳೆದು, ಅದು ನಿಜಕ್ಕೂ ಹೊರಬರುತ್ತದೆಯೇ ನೋಡುವುದು. ಮೂರನೆಯದು ಬ್ರೇಕ್ ಹಿಡಿಗಳ ಎತ್ತರ. ಮೊಣಕೈ ಸಲೀಸಾಗಿ ಮಡಚಿರಬೇಕು. ಬ್ರೇಕ್ ದಾರದ ಉದ್ದವನ್ನು ಮಾತ್ರ ನೆಲದಲ್ಲಿ ರೆಕ್ಕೆ ಎತ್ತಿ ನೋಡಿ ಖಚಿತಮಾಡಿಕೊಳ್ಳಬೇಕು: ಹಿಡಿ ಬಿಟ್ಟಾಗ ರೆಕ್ಕೆಯ ಹಿಂಬದಿ ಬಾಗದೆ ಏಳೆಂಟು ಸೆಂಟಿಮೀಟರ್ ಸಡಿಲ ಉಳಿದಿರಲಿ. ಮೋಟಾರ್ ರೆಕ್ಕೆಗೆ ಹೊಂದುತ್ತದೆಂದು ದಾರ ಮೊಟಕು ಮಾಡಿದರೆ ಗೊತ್ತಿಲ್ಲದೆಯೇ ಇಡೀ ಹಾರಾಟ ಅರ್ಧ ಬ್ರೇಕಿನಲ್ಲಿ ನಡೆಯುತ್ತದೆ.

ಥ್ರಾಟಲ್ ಕೇಬಲ್ ಗಿಡ್ಡವಾಗಿದ್ದರೆ, ರೆಕ್ಕೆ ಎತ್ತಲು ಕೈ ಮೇಲೆ ಮಾಡಿದ ಕೂಡಲೇ ಎಂಜಿನ್ ತಾನೇ ಏರುತ್ತದೆ. ಕೇಬಲ್ ಕೂರಿಸಿದ ಮೇಲೆ ಕೈಯನ್ನು ತಲೆಯ ಮೇಲೆ, ಹಿಂದೆ, ಪಕ್ಕಕ್ಕೆ ಚಾಚಿ, ಕಾರ್ಬ್ಯುರೇಟರಿನ ಲಿವರ್ ಅಲುಗಾಡುತ್ತದೆಯೇ ಎಂದು ಇನ್ನೊಬ್ಬರಿಂದ ನೋಡಿಸುತ್ತೇನೆ. ಇನ್ನು ಕಿಲ್ ಸ್ವಿಚ್: ಬಹುಪಾಲು ಎಂಜಿನ್ನುಗಳಲ್ಲಿ ಇದು ಕಿಡಿಯನ್ನು ಎಂಜಿನ್ ಮೈಗೆ ಇಳಿಸಿ ನಿಲ್ಲಿಸುವ ಏರ್ಪಾಡು, ಹಾಗಾಗಿ ವೈರ್ ತುಂಡಾದರೆ ಎಂಜಿನ್ ನಿಲ್ಲುವುದೇ ಇಲ್ಲ. ಪ್ರತಿ ಹಾರಾಟಕ್ಕೂ ಮೊದಲು ಒಮ್ಮೆ ಚಾಲೂ ಮಾಡಿ ಸ್ವಿಚ್ಚಿನಿಂದಲೇ ನಿಲ್ಲಿಸಿ ನೋಡಬೇಕು. ಅದು ಕೈಕೊಟ್ಟರೆ ಚೋಕ್ ಮುಚ್ಚಿ ನಿಲ್ಲಿಸುವುದು ಎರಡನೇ ದಾರಿ, ಚೋಕ್ ಲಿವರ್ ಕೈಗೆಟುಕುವಂತಿರಲಿ.

ಇಂಧನ: ಹತ್ತು ಲೀಟರ್ ಪೆಟ್ರೋಲಿಗೆ ಪೂರ್ತಿ ಸಿಂಥೆಟಿಕ್ ಟೂ ಸ್ಟ್ರೋಕ್ ಆಯಿಲ್ 200 ಮಿ.ಲೀ. ಹಾಕಿದರೆ 50ಕ್ಕೆ 1, 250 ಹಾಕಿದರೆ 40ಕ್ಕೆ 1. ತಯಾರಕರು ಹೇಳಿದ್ದೇ ಕೊನೆಯ ಮಾತು, ಹೊಸ ಎಂಜಿನ್ನಿಗೆ ಆಯಿಲ್ ತುಸು ಹೆಚ್ಚಾಗಿ ಬೇಕಾದೀತು. ಟ್ಯಾಂಕಿನಲ್ಲಿ ಬೆರೆಸಬಾರದು. ಕ್ಯಾನಿಗೆ ಅರ್ಧ ಪೆಟ್ರೋಲ್ ಹಾಕಿ, ಆಯಿಲ್ ಸುರಿದು ಅಲುಗಾಡಿಸಿ, ಉಳಿದರ್ಧ ತುಂಬಿಸಿ, ಬೆರೆಸಿದ ದಿನಾಂಕವನ್ನು ಕ್ಯಾನಿನ ಮೇಲೆ ಬರೆಯುತ್ತೇನೆ. ಎಥನಾಲ್ ಇರುವ ಪೆಟ್ರೋಲ್ ತೇವ ಹೀರುತ್ತದೆ, ಕಾರ್ಬ್ಯುರೇಟರಿನ ತೆಳು ರಬ್ಬರ್ ಪದರಗಳನ್ನು ಗಟ್ಟಿಮಾಡುತ್ತದೆ. ಮೂರು ವಾರ ದಾಟಿದ ಮಿಶ್ರಣವನ್ನು ಗಾಳಿಗೆ ಒಯ್ಯುವುದಿಲ್ಲ. ಮೇಲೇರುವಾಗ ಎಂಜಿನ್ ಉಸಿರು ಕಟ್ಟಿದಂತೆ ಕುಗ್ಗಿ ಆಮೇಲೆ ಚೇತರಿಸಿಕೊಂಡರೆ ಮೊದಲು ನೋಡಬೇಕಾದ್ದು ಟ್ಯಾಂಕಿನ ಗಾಳಿರಂಧ್ರ, ಎರಡನೆಯದು ಪಾರದರ್ಶಕ ಪೈಪಿನಲ್ಲಿ ಓಡುವ ಗುಳ್ಳೆಗಳು. ಜೆಟ್ ತಿರುಪು ಮುಟ್ಟುವ ಯೋಚನೆ ಅವೆರಡರ ನಂತರ. ತಿರುಪನ್ನು ಪೆಟ್ರೋಲ್ ಕಡಿಮೆ ಬರುವ ಕಡೆಗೆ ತಿರುಗಿಸಿ, ಎಂಜಿನ್ ಹಗುರವಾಗಿ ಓಡಿತೆಂದು ಬೀಗಿದವರ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡೀತು.

ಪ್ಯಾರಾಮೋಟಾರಿನ ಗಂಭೀರ ಗಾಯಗಳಲ್ಲಿ ಬಹಳಷ್ಟು ನೆಲದ ಮೇಲೆ, ಎಂಜಿನ್ ಚಾಲೂ ಮಾಡುವಾಗ ಆಗುವಂಥವು. ಥ್ರಾಟಲನ್ನು ಎಳೆದ ಸ್ಥಿತಿಯಲ್ಲೇ ಹಿಡಿದಿಡುವ ಕ್ರೂಸ್ ಲಾಕ್ ಹಾಕಿಯೇ ಉಳಿದಿರುತ್ತದೆ, ಇಲ್ಲವೇ ಕೇಬಲ್ ಸಿಕ್ಕಿಕೊಂಡಿರುತ್ತದೆ. ಹಗ್ಗ ಎಳೆದೊಡನೆ ಎಂಜಿನ್ ಪೂರ್ತಿ ಬಲಕ್ಕೆ ಹಾರಿ ಐವತ್ತು ಅರವತ್ತು ಕಿಲೋ ತಳ್ಳುವಿಕೆಯಿಂದ ಮುಂದಕ್ಕೆ ಎರಗುತ್ತದೆ. ಆಗ ತಡೆಯಲು ಹೋದ ಕೈ ಬಲೆ ದಾಟಿ ಒಳಗೆ ಹೋಗುತ್ತದೆ. ಹಾಗಾಗಿ ಸಾಧ್ಯವಾದಾಗಲೆಲ್ಲ ಬೆನ್ನಿಗೆ ಕಟ್ಟಿಕೊಂಡೇ ಚಾಲೂ ಮಾಡುತ್ತೇನೆ. ನೆಲದಲ್ಲಿಟ್ಟು ಮಾಡಲೇಬೇಕಾದರೆ ಹಾರ್ನೆಸ್ ಬದಿಯಲ್ಲಿ ನಿಂತು, ಒಂದು ಕಾಲು ಹಿಂದಿಟ್ಟು, ಚೌಕಟ್ಟನ್ನು ಭದ್ರವಾಗಿ ಹಿಡಿದು, ಥ್ರಾಟಲ್ ಇನ್ನೊಂದು ಕೈಯಲ್ಲಿ, ಬೆರಳು ಕಿಲ್ ಸ್ವಿಚ್ಚಿನ ಮೇಲೆ. ಪ್ರತಿ ಸಲವೂ ಇದು ಪೂರ್ತಿ ಬಲಕ್ಕೆ ಏರುತ್ತದೆ ಎಂದುಕೊಂಡೇ ಹಗ್ಗ ಎಳೆಯಬೇಕು. ನೋಡುವವರು ಪ್ರೊಪೆಲ್ಲರಿನ ತಟ್ಟೆಯ ನೇರದಲ್ಲಾಗಲಿ, ಹಿಂದಾಗಲಿ ನಿಲ್ಲಬಾರದು.

ಹವೆ: ಸೂರ್ಯ ಹುಟ್ಟಿದ ನಂತರದ ಎರಡು ಗಂಟೆ, ಮುಳುಗುವ ಮೊದಲಿನ ಎರಡು ಗಂಟೆ. ನೆಲಮಟ್ಟದ ಗಾಳಿ ಗಂಟೆಗೆ 15 ಕಿ.ಮೀ. ದಾಟಿದರೆ ಹೊಸಬರು ರೆಕ್ಕೆ ಬಿಚ್ಚದಿರುವುದೇ ವಾಸಿ. ಮರಗಳ ಸಾಲಿನ ಮರೆಯಲ್ಲಿ ಗಾಳಿ ಸುಳಿಯಾಗುತ್ತದೆ, ಅವುಗಳ ಎತ್ತರದ ಹತ್ತು ಪಟ್ಟು ದೂರ ಬಿಡುತ್ತೇನೆ. ದೂರದಲ್ಲಿ ಗುಡುಗುಮೋಡ ಕಂಡರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಟೇಕಾಫಿನ ಮೊದಲಿನ ತಪಾಸಣೆಯಲ್ಲಿ ಒಂದೇ ಒಂದು ವಿಷಯವನ್ನು ಉಳಿದೆಲ್ಲಕ್ಕಿಂತ ಮೇಲಿಡುತ್ತೇನೆ: ತೊಡೆಪಟ್ಟಿ. ಮೊದಲು ಹಾಕುವುದೂ ಅದೇ, ಕೊನೆಗೆ ಬಿಚ್ಚುವುದೂ ಅದೇ. ಎದೆಪಟ್ಟಿ ಮಾತ್ರ ಹಾಕಿ ಓಡಿದವರು ಗಾಳಿಯಲ್ಲಿ ಕಂಕುಳಿಗೆ ನೇತುಬಿದ್ದು ಜಾರುತ್ತಾರೆ. ನಂತರ ರೈಸರುಗಳು ತಿರುಚಿಲ್ಲ, ಎ ಲೈನುಗಳು (ರೆಕ್ಕೆಯ ಮುಂಬದಿಯ ದಾರಗಳು) ಮೇಲ್ಗಡೆ ಸ್ವಚ್ಛವಾಗಿವೆ, ಯಾವ ದಾರವೂ ಕೇಜಿನ ಅಂಚಿಗೆ ಸಿಕ್ಕಿಲ್ಲ, ಟ್ರಿಮ್ಮರುಗಳು (ರೆಕ್ಕೆಯ ವೇಗ ಹೊಂದಿಸುವ ಪಟ್ಟಿಗಳು) ಎರಡೂ ಕಡೆ ಒಂದೇ ಗುರುತಿನಲ್ಲಿವೆ ಎಂದು ನೋಡುವುದು. ರೆಕ್ಕೆ ತಲೆಯ ಮೇಲೆ ಬರುವವರೆಗೆ ಎಂಜಿನ್ ಐಡಲ್ ಅಥವಾ ತುಸು ಮೇಲೆ. ಬಂದ ಮೇಲೆ ತಲೆ ಎತ್ತಿ ನೋಡಿ, ಸರಿಯಿದ್ದರೆ ಥ್ರಾಟಲ್, ಓಟ. ಕಾಲು ನೆಲ ಬಿಟ್ಟ ಮೇಲೂ ಓಡುವ ಭಂಗಿಯಲ್ಲೇ ಇರಬೇಕು. ಬೇಗ ಕೂತವರು ಮತ್ತೆ ನೆಲಕ್ಕೆ ತಾಗಿ ಪ್ರೊಪೆಲ್ಲರ್ ಮುರಿದುಕೊಳ್ಳುತ್ತಾರೆ. ಮೋಟಾರ್ ಇಲ್ಲದೆ ಬರೀ ರೆಕ್ಕೆಯನ್ನು ನೆಲದಲ್ಲಿ ಹತ್ತು ಹದಿನೈದು ಗಂಟೆ ಆಡಿಸದೆ ಇದೆಲ್ಲ ಕೈಗೆ ಬರುವುದಿಲ್ಲ, ಅದೂ ಕಲಿಸುವವರ ಕಣ್ಣೆದುರು.

ಮೊದಲ ಐವತ್ತು ಮೀಟರ್ ಏರುವಾಗ ಎಂಜಿನ್ನಿನ ತಿರುಚುಬಲದ ಆಟ ನಡೆಯುತ್ತಿರುತ್ತದೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಅಪ್ರದಕ್ಷಿಣವಾಗಿ ತಿರುಗುತ್ತಿದ್ದರೆ, ಪೈಲಟ್ಟಿನ ಮೈ ಪ್ರದಕ್ಷಿಣವಾಗಿ ಹೊರಳಲು ನೋಡುತ್ತದೆ. ಬಲ ರೈಸರಿನ ಮೇಲೆ ಭಾರ ಬಿದ್ದು ರೆಕ್ಕೆ ಬಲಕ್ಕೆ ವಾಲುತ್ತದೆ. ಪೈಲಟ್ ಸಹಜವಾಗಿಯೇ ಎಡ ಬ್ರೇಕ್ ಎಳೆಯುತ್ತಾನೆ. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಅವನನ್ನು ಮುಂದಕ್ಕೆ ತಳ್ಳಿ ರೆಕ್ಕೆಯನ್ನು ಹಿಂದೆ ಬಿಟ್ಟಿರುತ್ತದೆ, ರೆಕ್ಕೆ ಆಗಲೇ ಕಡಿದಾದ ಕೋನದಲ್ಲಿರುತ್ತದೆ. ಅದರ ಮೇಲೆ ಎಡ ಬ್ರೇಕ್ ಬಿದ್ದಾಗ ಎಡ ಅರ್ಧ ವೇಗ ಕಳೆದುಕೊಂಡು ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ಹಿಂದಕ್ಕೆ ಬೀಳುತ್ತದೆ, ರೆಕ್ಕೆ ಎಡಕ್ಕೆ ಗಿರಕಿ ಹೊಡೆಯುತ್ತದೆ. ನೋಡುವವರಿಗೆ ಗಾಳಿ ಹೊಡೆದಂತೆ ಕಾಣುತ್ತದೆ. ಪರಿಹಾರ ಬ್ರೇಕಿನಲ್ಲಿಲ್ಲ, ಥ್ರಾಟಲ್‌ನಲ್ಲಿದೆ: ಎರಡೂ ಕೈ ಮೇಲೆ, ಥ್ರಾಟಲ್ ಅರ್ಧಕ್ಕೆ, ಆಗ ರೆಕ್ಕೆ ತಾನೇ ನೇರವಾಗುತ್ತದೆ. ಆದರೆ ಹಠಾತ್ತನೆ ಪೂರ್ತಿ ಮುಚ್ಚಬಾರದು. ಮೈ ಹಿಂದಕ್ಕೆ ಜೋಲಿ ಹೊಡೆದು ರೆಕ್ಕೆ ಮುಂದಕ್ಕೆ ಧುಮುಕುತ್ತದೆ, ಹತ್ತು ಮೀಟರಿನಲ್ಲಿ ಅದನ್ನು ಹಿಡಿಯಲು ಸಮಯವಿರುವುದಿಲ್ಲ. ಐವತ್ತು ಮೀಟರ್ ಆಗುವವರೆಗೆ ನೇರ ಏರುವುದು, ಮುಕ್ಕಾಲು ಬಲದಲ್ಲಿ.

ರಿಫ್ಲೆಕ್ಸ್ ರೆಕ್ಕೆಯಲ್ಲಿ ಟ್ರಿಮ್ಮರ್ ಬಿಟ್ಟು ವೇಗವಾಗಿ ಹೋಗುವಾಗ ಬ್ರೇಕ್ ಮುಟ್ಟುವಂತಿಲ್ಲ. ಆ ಆಕಾರಕ್ಕೆ ಸ್ಥಿರತೆ ಬರುವುದು ಹಿಂಬದಿ ತುಸು ಮೇಲಕ್ಕೆ ಬಾಗಿರುವುದರಿಂದ. ಬ್ರೇಕ್ ಎಳೆದರೆ ಆ ಬಾಗು ಹೋಗಿ ಮುಂಬದಿ ಮಡಚೀತು. ತಿರುಗಲು ತುದಿಯ ಸ್ಟೀರಿಂಗ್ ದಾರ ಬಳಸಬೇಕು.

ಎಂಜಿನ್ ಯಾವ ಕ್ಷಣದಲ್ಲಾದರೂ ನಿಂತೀತು ಎಂದುಕೊಂಡೇ ದಾರಿ ಆರಿಸುತ್ತೇನೆ. ಗಾಳಿ ಇಲ್ಲದಾಗ ನೂರು ಮೀಟರ್ ಎತ್ತರಕ್ಕೆ ಐನೂರು ಮೀಟರ್ ಜಾರಲು ಬರಬಹುದು, ನಾನು ನಾನೂರೇ ಲೆಕ್ಕ ಹಿಡಿಯುತ್ತೇನೆ. ಎದುರುಗಾಳಿಯಲ್ಲಿ ಇನ್ನೂ ಕಡಿಮೆ. ದಡ ಮುಟ್ಟಲಾರದಷ್ಟು ದೂರ ನೀರಿನ ಮೇಲೆ ಹೋಗುವುದಿಲ್ಲ. ನೀರಿಗೆ ಬಿದ್ದರೆ ಬೆನ್ನಿನ ಎಂಜಿನ್ ಮುಖವನ್ನು ಕೆಳಗೆ ಮಾಡಿ ಮುಳುಗಿಸುತ್ತದೆ, ಪಟ್ಟಿಗಳನ್ನು ಬಿಚ್ಚುವುದು ಕಷ್ಟವಾಗುತ್ತದೆ. ನೀರಿನ ಸಮೀಪ ಹಾರುವವರು ತಾನೇ ಉಬ್ಬುವ ತೇಲುಚೀಲವನ್ನು ಚೌಕಟ್ಟಿಗೆ ಕಟ್ಟಿಕೊಳ್ಳಲೇಬೇಕು.

ಇಳಿಯುವಾಗ ಮೂವತ್ತರಿಂದ ಐವತ್ತು ಮೀಟರ್ ಎತ್ತರದಲ್ಲಿ ಎಂಜಿನ್ ಆರಿಸುತ್ತೇನೆ. ಚಾಲೂ ಇಟ್ಟುಕೊಂಡೇ ಇಳಿದು ರೆಕ್ಕೆ ಹಿಂದೆ ಬಿದ್ದರೆ ದಾರಗಳು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತವೆ. ಎದುರುಗಾಳಿಗೆ ನೇರ, ಸೀಟಿನಿಂದ ಇಳಿದು ನಿಂತ ಭಂಗಿ, ನೆಲ ಒಂದು ಮೀಟರ್ ಇರುವಾಗ ಎರಡೂ ಬ್ರೇಕ್ ಸಮವಾಗಿ ಕೆಳಗೆ. ಬೇಗ ಎಳೆದರೆ ರೆಕ್ಕೆ ಮೇಲೆದ್ದು ನಿಲ್ಲುತ್ತದೆ, ಆಮೇಲಿನ ಪತನ ಬೆನ್ನಮೂಳೆಗೆ.

ಎಂಜಿನ್ ತಣ್ಣಗಾದ ಮೇಲೆ ರಬ್ಬರ್ ಮೌಂಟುಗಳನ್ನು ಕೈಯಿಂದ ಬಗ್ಗಿಸಿ ಬಿರುಕು ನೋಡುತ್ತೇನೆ, ಬಣ್ಣದ ಗೆರೆಗಳ ಮೇಲೆ ಟಾರ್ಚ್ ಹಾಯಿಸುತ್ತೇನೆ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತೇನೆ: ಕಾಫಿ ಬಣ್ಣವಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ ಸಿಗುತ್ತಿದೆ, ಕಪ್ಪಾಗಿ ಒದ್ದೆಯಿದ್ದರೆ ಜಾಸ್ತಿ. ಒದ್ದೆಯಾದ ರೆಕ್ಕೆಯನ್ನು ನೆರಳಿನಲ್ಲಿ ಒಣಗಿಸಿಯೇ ಮಡಚುವುದು. ಪುಸ್ತಕದಲ್ಲಿ ಎಂಜಿನ್ ಗಂಟೆ, ರೆಕ್ಕೆಯ ಗಂಟೆ ಬೇರೆಬೇರೆ ಬರೆಯುತ್ತೇನೆ. ರೆಕ್ಕೆ ನೂರು ಗಂಟೆ ದಾಟಿದರೆ, ಇಲ್ಲವೇ ವರ್ಷವಾದರೆ, ಬಟ್ಟೆಯಲ್ಲಿ ಗಾಳಿ ಎಷ್ಟು ಸೋರುತ್ತದೆ, ದಾರಗಳ ಉದ್ದ ಎಷ್ಟು ಸರಿದಿದೆ ಎಂದು ಅಳೆಸಲು ಕಳಿಸುತ್ತೇನೆ. ರಿಸರ್ವ್ ಪ್ಯಾರಾಶೂಟನ್ನು ಬಿಚ್ಚಿ, ಗಾಳಿಯಾಡಿಸಿ, ಮತ್ತೆ ಮಡಚಿಸುವುದೂ ಅದೇ ವೇಳೆಗೆ.