ಗಿಣಿಗೆ ನೀರು ಹಾಕುವುದು ಹೇಗೆ?

ನರಕ ಚತುರ್ದಶಿಯ ಬೆಳಗ್ಗೆ ಮನೆಮಂದಿಯ ತಲೆಗೆಲ್ಲ ಎಣ್ಣೆ ಒತ್ತಿ ಮುಗಿಸಿದ ನಮ್ಮಜ್ಜಿ, ಬಟ್ಟಲಲ್ಲಿ ಉಳಿದದ್ದನ್ನು ಹಿಡಿದು ಪಂಜರದ ಮುಂದೆ ನಿಂತಿದ್ದರು. “ಇದಕ್ಕೂ ಒಂಚೂರು ಒತ್ತಿ, ಎರಡು ಚೊಂಬು ಹಂಡೆ ನೀರು ಹಾಕಿಬಿಡ್ತೀನಿ ಕಣೇ. ಹಬ್ಬದ ದಿನ ಇದೊಂದು ಹಂಗೇ ಕೂತಿರಬೇಕಾ?” ನಾನು ಓಡಿಹೋಗಿ ಬಟ್ಟಲು ಕಿತ್ತುಕೊಂಡದ್ದಕ್ಕೆ ಅಜ್ಜಿಗೆ ಮಧ್ಯಾಹ್ನದವರೆಗೂ ಸಿಟ್ಟು. ಪಂಜರದಲ್ಲಿದ್ದದ್ದು ಕಾಕಟೀಲ್ ಎಂಬ ಪುಟ್ಟ ಗಿಣಿ. ಮುದ್ದೆಯ ಬಣ್ಣದ ಮೈ ನೋಡಿ ‘ರಾಗಿ’ ಎಂದು ಹೆಸರಿಟ್ಟಿದ್ದೇವೆ. ಚಿಕ್ಕಬಳ್ಳಾಪುರದ ಅರ್ಧ ಮನೆಗಳಂತೆ ನಮ್ಮಲ್ಲೂ ತೆಲುಗು ಬೆರೆತಿರುವುದರಿಂದ ಅಜ್ಜಿಗೆ ಮಾತ್ರ ಅದು ‘ಚಿಲುಕಮ್ಮ’.

ಎಣ್ಣೆ, ಹಂಡೆಯ ಬಿಸಿನೀರು, ಸೀಗೇಪುಡಿ, ಕೊನೆಗೆ ಸಾಂಬ್ರಾಣಿ ಹೊಗೆ. ಮಕ್ಕಳಿಗೆ ಎರೆಯುವಾಗ ನಮ್ಮ ಮನೆಗಳಲ್ಲಿ ತಪ್ಪದ ಈ ನಾಲ್ಕೂ ಗಿಣಿಗೆ ಕೇಡು. ಹೆಚ್ಚಿನ ಗಿಣಿಗಳ ಬಾಲದ ಬುಡದಲ್ಲಿ, ಮೇಲ್ಭಾಗಕ್ಕೆ, ಒಂದು ಸಣ್ಣ ಎಣ್ಣೆಗ್ರಂಥಿ ಇರುತ್ತದೆ. ಹಕ್ಕಿ ಅಲ್ಲಿ ಕೊಕ್ಕು ಉಜ್ಜಿಕೊಂಡು ಆ ಜಿಡ್ಡನ್ನು ಗರಿಗರಿಗೂ ಹಚ್ಚಿಕೊಳ್ಳುತ್ತದೆ. ಕಾಕಟೀಲ್, ಆಫ್ರಿಕನ್ ಗ್ರೇ ಜಾತಿಯ ಗಿಣಿಗಳ ಮೈಯಲ್ಲಿ ಇದರ ಜೊತೆಗೆ ಬಿಳಿ ಪುಡಿಯೂ ಉದುರುತ್ತದೆ. ಕಪ್ಪು ಅಂಗಿ ತೊಟ್ಟು ರಾಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಮೈದಾ ಗಿರಣಿಯಿಂದ ಬಂದವಳಂತೆ ಕಾಣುತ್ತೇನೆ. ಗರಿ ಹೊಳೆಯುವುದು, ಒಳಮೈ ಬೆಚ್ಚಗಿರುವುದು ಈ ಏರ್ಪಾಡಿನಿಂದ. ಸೋಪು, ಶಾಂಪೂ, ಸೀಗೇಪುಡಿ, ಬಿಸಿನೀರು ಎಲ್ಲವೂ ಆ ಜಿಡ್ಡನ್ನು ತೊಳೆದುಹಾಕುತ್ತವೆ. ನಾವು ಎಣ್ಣೆ ಹಚ್ಚಿದರೆ ಗರಿಯ ಎಳೆಗಳು ಒಂದಕ್ಕೊಂದು ಅಂಟಿ, ಹಕ್ಕಿ ಮೈ ಬೆಚ್ಚಗಿಟ್ಟುಕೊಳ್ಳಲಾರದೆ ನಡುಗುತ್ತದೆ. ಇನ್ನು ಹೊಗೆ: ಹಕ್ಕಿಯ ಉಸಿರು ಬರೀ ಶ್ವಾಸಕೋಶಕ್ಕೆ ಹೋಗಿ ಬರುವುದಲ್ಲ, ಮೈತುಂಬ ಹರಡಿರುವ ಗಾಳಿಚೀಲಗಳನ್ನೂ ಹಾದುಹೋಗುತ್ತದೆ. ನಮಗೆ ಘಮ್ಮೆನ್ನುವ ಸಾಂಬ್ರಾಣಿ ಅದಕ್ಕೆ ಉಸಿರು ಕಟ್ಟಿಸುತ್ತದೆ.

ಹಾಗಾಗಿ ಹಕ್ಕಿಯನ್ನು ಹಿಡಿದು ತೊಳೆಯುವ ಯೋಚನೆ ಬಿಡಿ. ನೀರು ಒದಗಿಸುವುದಷ್ಟೇ ನಮ್ಮ ಕೆಲಸ, ಮಿಂದುಕೊಳ್ಳುವುದು ಅದರದ್ದು.

ಮೊದಲು ಗಿಣಿ ಯಾವುದು ನೋಡಿ

ಮಾವಿನ ತೋಪಿಗೆ ಹಿಂಡಾಗಿ ಬರುವ, ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮೂರ ಹಸಿರು ಗಿಣಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯಗೊಂಡದ್ದು ಸಿಕ್ಕಿದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಆಫ್ರಿಕನ್ ಗ್ರೇ, ಸನ್ ಕನ್ಯೂರ್‌ನಂಥ ಕೆಲವು ವಿದೇಶಿ ಗಿಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದು 2024ರ ನಿಯಮ ಹೇಳುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಕಾಕಟೀಲ್ ಮತ್ತು ಬಡ್ಜಿ. ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಕೊಡುವುದು ಬಹುಪಾಲು ಈ ಬಡ್ಜಿಯನ್ನೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಡ್ಜಿ ಆಸ್ಟ್ರೇಲಿಯಾದ್ದು.

ಹೊತ್ತು ಮತ್ತು ಜಾಗ

ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರೊಳಗೆ ಮುಗಿಸಿ. ಕತ್ತಲಾಗುವ ಹೊತ್ತಿಗೆ ಹಕ್ಕಿಯ ಮೈ ಪೂರ್ತಿ ಒಣಗಿರಬೇಕು, ಒದ್ದೆಯಲ್ಲಿ ಮಲಗಬಾರದು. ಬೇಸಿಗೆಯಲ್ಲಿ ದಿನಾ ನೀರು ಇಟ್ಟರೂ ತೊಂದರೆಯಿಲ್ಲ. ಉಳಿದ ದಿನಗಳಲ್ಲಿ ವಾರಕ್ಕೆ ಎರಡು ಮೂರು ಸಲ ಸಾಕು. ಧನುರ್ಮಾಸದಲ್ಲಿ, ನಂದಿ ಬೆಟ್ಟದ ಮಂಜು ಊರೊಳಗೂ ಇಳಿದ ದಿನ, ಸುಮ್ಮನೆ ಬಿಟ್ಟುಬಿಡಿ.

ಹಕ್ಕಿಯನ್ನು ಹೊರಗೆ ಬಿಡುವ ಮೊದಲು ಸೀಲಿಂಗ್ ಫ್ಯಾನ್ ಆರಿಸಿ. ಒದ್ದೆ ರೆಕ್ಕೆಯ ಹಕ್ಕಿ ಎತ್ತ ಹಾರುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಕಿಟಕಿ ಮುಚ್ಚಿ. ನೀರು ತುಂಬಿದ ಬಕೆಟ್ಟಿಗೂ ಕಮೋಡಿಗೂ ಮುಚ್ಚಳ ಇರಲಿ. ಒಲೆ ಉರಿಯುತ್ತಿದ್ದರೆ ಅಡುಗೆಮನೆಯ ಸಿಂಕಿನ ಹತ್ತಿರ ಬೇಡ. ಬೆಕ್ಕಿನ ಮಾತು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ನೀರು, ಮತ್ತು ಆ ಸ್ಪ್ರೇ ಬಾಟಲಿ

ಮೀಯುವಾಗ ಗಿಣಿ ಅದೇ ನೀರನ್ನು ಕುಡಿಯುತ್ತದೆ. ಸಾವಿರ ಅಡಿ ದಾಟಿದ ನಮ್ಮ ಕೊಳವೆಬಾವಿಗಳ ಗಡಸು ನೀರು ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವುದನ್ನು ದಿನಾ ನೋಡುತ್ತೇವೆ, ಜೊತೆಗೆ ಫ್ಲೋರೈಡಿನ ಕಾಟ ಬೇರೆ. ಶುದ್ಧ ನೀರಿನ ಘಟಕದಿಂದ ನೀವು ಕುಡಿಯಲು ತರುವ ಕ್ಯಾನ್ ನೀರಿನಲ್ಲೇ ಒಂದು ಲೋಟ ಹಕ್ಕಿಗೂ ಕೊಡಿ, ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ನೀರು ತಣ್ಣಗೆ ಕೊರೆಯದಿದ್ದರೆ ಸಾಕು, ಚಳಿಗಾಲದಲ್ಲಿ ಉಗುರುಬೆಚ್ಚಗೆ ಮಾಡಿಕೊಳ್ಳಿ. ಅರಿಶಿನ, ಬೇವಿನೆಲೆ ಹಾಕಬೇಕೆಂದು ಅನಿಸುತ್ತದೆ. ಹಾಕಬೇಡಿ.

ಸ್ಪ್ರೇ ಬಾಟಲಿ ಕಡ್ಡಾಯವಾಗಿ ಹೊಸದೇ ಆಗಿರಲಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿಗೋ ಗುಲಾಬಿಗೋ ಟೊಮೆಟೊಗೋ ಔಷಧಿ ಹೊಡೆಯುವ ಪಂಪು ಇಲ್ಲದ ಮನೆ ಕಡಿಮೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುಮನೆಗೆ ಬ್ಲೀಚಿಂಗ್ ಪೌಡರ್ ನೀರು ಸಿಂಪಡಿಸುವ ಡಬ್ಬಿಯೂ ಇರುತ್ತದೆ. ಎಷ್ಟು ಸಲ ಜಾಲಿಸಿದರೂ ಅವುಗಳ ನಳಿಕೆಯಲ್ಲಿ ಔಷಧಿ ಉಳಿದಿರುತ್ತದೆ. ಬಡ್ಜಿಯ ತೂಕ ಮೂವತ್ತು ನಲವತ್ತು ಗ್ರಾಂ, ಕಾಕಟೀಲ್‌ನದು ನೂರರ ಆಸುಪಾಸು. ಆ ಮೈಗೆ ಎಷ್ಟು ವಿಷ ಬೇಕು? ಕನ್ನಡಿ ಒರೆಸುವ ದ್ರಾವಣದ ಖಾಲಿ ಬಾಟಲಿಯೂ ಬೇಡ. ಬಿ.ಬಿ. ರಸ್ತೆಯ ಅಂಗಡಿಯಿಂದ ಒಂದು ಹೊಸದನ್ನು ತಂದು, ಮೇಲೆ ‘ಗಿಣಿ’ ಎಂದು ಬರೆದು ಬೇರೆ ಇಡಿ. ನಮ್ಮ ಮನೆಯಲ್ಲಿ ಬರೆಯದೇ ಇದ್ದಾಗ ಅದು ಇಸ್ತ್ರಿ ಮೇಜಿಗೆ ಹೋಗಿ ಗಂಜಿ ತುಂಬಿಕೊಂಡಿತ್ತು.

ತಟ್ಟೆ, ಸೊಪ್ಪು, ಮಳೆ

ಹೊಸಬರು ತಟ್ಟೆಯಿಂದ ಶುರು ಮಾಡಿ. ಅಗಲವಾದ, ಭಾರದ, ಮಗುಚಿಕೊಳ್ಳದ ತಟ್ಟೆ ಇರಲಿ. ಗಿಡದ ಕುಂಡದ ಕೆಳಗಿಡುವ ಹೊಸ ಮಣ್ಣಿನ ತಟ್ಟೆಯಾದರೆ ಒಳ್ಳೆಯದು, ಒರಟಾಗಿರುವುದರಿಂದ ಕಾಲು ಜಾರುವುದಿಲ್ಲ. ನೀರು ಒಂದಂಗುಲ ದಾಟಬಾರದು. ಪಂಜರದ ತಳದಲ್ಲಿಟ್ಟು ದೂರ ಸರಿದು ನಿಲ್ಲಿ. ಮೊದಲ ದಿನ ಇಣುಕಿ ನೋಡುತ್ತದೆ. ಮೂರನೆಯ ದಿನ ಕೊಕ್ಕು ಅದ್ದೀತು. ಹದಿನೈದು ದಿನ ತೆಗೆದುಕೊಂಡರೂ ಆತುರ ಬೇಡ. ನಾವೇ ಬೆರಳದ್ದಿ ನೀರಲ್ಲಿ ಆಟವಾಡಿದರೆ ಅದಕ್ಕೂ ಕುತೂಹಲ ಹುಟ್ಟುತ್ತದೆ. ಅರ್ಧ ಗಂಟೆಯಾದ ಮೇಲೆ ನೀರು ಚೆಲ್ಲಿಬಿಡಿ, ಹಿಕ್ಕೆ ಬಿದ್ದ ನೀರನ್ನು ಅದು ಕುಡಿಯಬಾರದು.

ಬಡ್ಜಿಗೆ ತಟ್ಟೆಗಿಂತ ಸೊಪ್ಪು ಇಷ್ಟ. ಬಯಲಿನಲ್ಲಿ ಇಬ್ಬನಿ ಬಿದ್ದ ಹುಲ್ಲಿನಲ್ಲಿ ಹೊರಳಿ ಮೈ ತೋಯಿಸಿಕೊಳ್ಳುವ ಜಾತಿ ಅದು. ಒಂದು ಕಂತೆ ಕೊತ್ತಂಬರಿಯನ್ನೋ ದಂಟಿನ ಸೊಪ್ಪನ್ನೋ ನಾಲ್ಕೈದು ನೀರಿನಲ್ಲಿ ಚೆನ್ನಾಗಿ ತೊಳೆದು, ನೀರು ಒದರದೆ ಹಾಗೇ ಪಂಜರಕ್ಕೆ ಕಟ್ಟಿ. ಅದರೊಳಗೆ ನುಗ್ಗಿ, ಬೆನ್ನು ತಿಕ್ಕಿ, ನಡುನಡುವೆ ಎಲೆ ಹರಿದು ತಿಂದು, ಸ್ನಾನ ಊಟ ಎರಡನ್ನೂ ಒಟ್ಟಿಗೇ ಮುಗಿಸುತ್ತದೆ.

ಕಾಕಟೀಲ್‌ಗೆ ಬೇಕಾದದ್ದು ಮಳೆ. ಸ್ಪ್ರೇಯನ್ನು ತುಂತುರು ಬರುವಂತೆ ತಿರುಗಿಸಿ, ಹಕ್ಕಿಯಿಂದ ಎರಡಡಿ ದೂರ ನಿಂತು, ಅದರ ತಲೆಗಿಂತ ಮೇಲಕ್ಕೆ ಗಾಳಿಗೆ ಹೊಡೆಯಿರಿ, ಹನಿ ತಾನಾಗಿ ಇಳಿಯಲಿ. ನೇರ ಮುಖಕ್ಕೆ ಹೊಡೆದರೆ ಆ ಬಾಟಲಿ ಕಂಡಾಗಲೆಲ್ಲ ಅರಚುತ್ತದೆ. ನಾನು ಒಮ್ಮೆ ಹೊಡೆದು, ಎರಡು ತಿಂಗಳು ಅನುಭವಿಸಿದ್ದೇನೆ. ಆಮೇಲೆ ಖಾಲಿ ಬಾಟಲಿಯನ್ನು ಪಂಜರದ ಪಕ್ಕದಲ್ಲಿಟ್ಟು, ಅದನ್ನು ನೋಡಿ ಸುಮ್ಮನಿದ್ದಾಗಲೆಲ್ಲ ಒಂದೆರಡು ಕಾಳು ನವಣೆ ಕೊಟ್ಟು, ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಸಾಕೋ ಇನ್ನೂ ಬೇಕೋ ಎಂದು ಹಕ್ಕಿಯೇ ಹೇಳುತ್ತದೆ. ರೆಕ್ಕೆ ಅಗಲಿಸಿ, ಬಾಲ ಬೀಸಣಿಗೆ ಮಾಡಿ, ತಲೆ ಕೆಳಗಾಗಿ ನೇತಾಡಿದರೆ ಇನ್ನಷ್ಟು ಬೇಕು ಎಂದರ್ಥ. ಗರಿಯನ್ನೆಲ್ಲ ಮೈಗೆ ಅಂಟಿಸಿ, ಕತ್ತು ಉದ್ದ ಮಾಡಿ, ಕಣ್ಣರಳಿಸಿ ಮೂಲೆಗೆ ಸರಿದರೆ ನಿಲ್ಲಿಸಿ. ಐದು ನಿಮಿಷ ಸಾಕು. ಮೈ ಪೂರ್ತಿ ತೊಯ್ಯಲೇಬೇಕೆಂಬ ಹಟ ಬೇಡ.

ಒಣಗುವ ಹೊತ್ತು

ಮಿಂದ ಮೇಲೆ ನಡುಗುವುದನ್ನು ಕಂಡು ಗಾಬರಿಯಾಗಬೇಡಿ, ಮೈ ಕಾಯಿಸಿಕೊಳ್ಳುವ ಅದರ ದಾರಿ ಅದು. ಅರ್ಧ ಬಿಸಿಲು ಅರ್ಧ ನೆರಳು ಇರುವ ಕಡೆ ಪಂಜರ ಇಡಿ, ಬಿಸಿ ಹೆಚ್ಚಾದರೆ ಅದೇ ನೆರಳಿಗೆ ಸರಿಯಲಿ. ಗಾಳಿ ಬಡಿಯಬಾರದು. ಹೇರ್ ಡ್ರೈಯರ್ ಬೇಡವೇ ಬೇಡ. ಕೆಲವು ಡ್ರೈಯರುಗಳ ಒಳಗೆ ನಾನ್‌ಸ್ಟಿಕ್ ತವೆಯಲ್ಲಿರುವಂಥದೇ ಲೇಪ ಇರುತ್ತದೆ, ಅದು ಕಾದಾಗ ಏಳುವ ಹಬೆಗೆ ಗಿಣಿ ನಿಮಿಷಗಳಲ್ಲಿ ಸಾಯಬಹುದು. ಟವೆಲಿನಿಂದ ಉಜ್ಜುವುದೂ ಬೇಡ. ಮುಂದಿನ ಗಂಟೆ ಎರಡು ಗಂಟೆ ಅದು ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಎಳೆದು ನೇರ್ಪುಗೊಳಿಸುತ್ತದೆ. ಗರಿ ಉದುರಿ ಹೊಸದು ಮೂಡುವ ಕಾಲದಲ್ಲಂತೂ ಈ ಸ್ನಾನ ಬಹಳ ಹಿತ. ಮುಳ್ಳಿನಂತೆ ಏಳುವ ಹೊಸ ಗರಿಗಳ ಮೇಲಿನ ಪೊರೆ ನೆನೆದು ಸುಲಭವಾಗಿ ಉದುರುತ್ತದೆ.

ಕೂತಲ್ಲೇ ಮೈ ಉಬ್ಬಿಸಿಕೊಂಡು ತೂಕಡಿಸುತ್ತಿದ್ದರೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಆ ದಿನ ಸ್ನಾನ ಬೇಡ, ಡಾಕ್ಟರ ಹತ್ತಿರ ಹೋಗಿ. ಗರಿಯನ್ನು ತಾನೇ ಕಿತ್ತುಹಾಕಿಕೊಳ್ಳುವ ಹಕ್ಕಿಗೂ ಇದೇ ಮಾತು. ಊರಿನ ಪಶು ಆಸ್ಪತ್ರೆಯಲ್ಲಿ ದನ, ಕುರಿಗಳದ್ದೇ ಸಾಲು. ಹಕ್ಕಿ ನೋಡುವವರು ಅಲ್ಲಿ ಸಿಗದಿದ್ದರೆ ಬೆಂಗಳೂರು ದಾರಿಯಲ್ಲೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಪಂಜರಕ್ಕೆ ತೆಳು ಬಟ್ಟೆ ಹೊದಿಸಿ ಕರೆದೊಯ್ಯಿರಿ.

ಈ ಸಲದ ದೀಪಾವಳಿಗೆ ಅಜ್ಜಿ ಎಣ್ಣೆ ಬಟ್ಟಲು ತರಲಿಲ್ಲ. ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಕಟ್ಟಿದ ಹಾಗೆ ಮಣ್ಣಿನ ತಟ್ಟೆಯ ಸುತ್ತಲೂ ಚೆಂಡುಹೂ ಜೋಡಿಸಿ, ಬೆಳಗ್ಗೆ ಹತ್ತಾದ ಮೇಲೆ ಅದರಲ್ಲಿ ಒಂದಂಗುಲ ನೀರು ಬಿಟ್ಟರು. ರಾಗಿ ನೀರಿಗಿಳಿಯುವ ಮೊದಲು ಹೂವನ್ನೆಲ್ಲ ಒಂದೊಂದಾಗಿ ಕಿತ್ತು ಕೆಳಗೆ ಎಸೆಯಿತು.