ವೋ-ಲೆ-ವಿಕೋಂತ್: ಮೊದಲು ತೋಟ, ಆಮೇಲೆ ಅರಮನೆ

ಪ್ಯಾರಿಸ್‌ಗೆ ಬಂದವರೆಲ್ಲ ವರ್ಸೇಲ್ಸ್ ಕ್ಯೂನಲ್ಲಿ ಅರ್ಧ ದಿನ ಕಳೆಯುತ್ತಾರೆ. ಪ್ಯಾರಿಸ್ ಹತ್ತಿರದ ಇನ್ನೊಂದು ಅರಮನೆ ವೋ-ಲೆ-ವಿಕೋಂತ್‌ಗೆ ಕಾರಿಲ್ಲದೆ ಹೋಗಿಬರಲು ಆಗಲ್ಲ, ಹೋದರೂ ದುಡ್ಡು ದಂಡ ಎಂಬುದು ಬಲ್ಲವರ ಮಾತು. ಆಗುತ್ತದೆ, ಅದೂ ಟೂರ್ ಬಸ್ಸಿನ ಅರ್ಧ ಖರ್ಚಿನಲ್ಲಿ.

ದುಡ್ಡು ಸೋರುವುದು ಕೊನೆಯ ಆರೇಳು ಕಿಲೋಮೀಟರಿನಲ್ಲಿ. ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ ಮೆಲನ್ ಊರಿಗೆ ರೈಲಿನಲ್ಲಿ ಅರ್ಧ ಗಂಟೆ, ಅಗ್ಗ. ಅಲ್ಲಿಂದ ಟ್ಯಾಕ್ಸಿಗೆ ಇಪ್ಪತ್ತು ಯೂರೋ ಆಸುಪಾಸು, ಸಂಜೆ ವಾಪಸ್ ಬರಲು ಅದೂ ಸುಲಭಕ್ಕೆ ಸಿಗದು. ನನಗೆ ಕೆಲಸ ಮಾಡಿದ್ದು ಪ್ಯಾರಿಸ್‌ನದೇ ಗಾರ್ ದ ಲೆಸ್ಟ್ ನಿಲ್ದಾಣದಿಂದ ಪಿ ಲೈನ್ ರೈಲು ಹಿಡಿದು ವೆರ್ನೊಯಿ-ಲೆತಾಂಗ್‌ನಲ್ಲಿ ಇಳಿದು ಅರಮನೆಯ ಶಟಲ್ ಹತ್ತುವ ದಾರಿ. ಶಟಲ್‌ಗೆ ಹೋಗಿಬರಲು ಹತ್ತು ಯೂರೋ ಸುಮಾರು. ರೈಲಿಗೆ 2025ರಿಂದ ಒಂದೇ ದರ, 2.50 ಯೂರೋ ಆಗಿತ್ತು, ಈಗ ಒಂದಿಷ್ಟು ಸೆಂಟ್ ಏರಿರಬಹುದು. ರೈಲು ಗಂಟೆಗೊಂದು. ಅದು ತಪ್ಪಿದರೆ ಶಟಲ್ಲೂ ತಪ್ಪಿತು, ಆದ್ದರಿಂದ ಕೊನೆಯ ಶಟಲ್ ಯಾವಾಗ ಎಂದು ಇಳಿದ ಕೂಡಲೇ ಕೇಳಿಕೊಳ್ಳಿ.

ಒಳಗೆ ಹೋದವರು ನೇರ ಕೋಣೆಗಳಿಗೆ ನುಗ್ಗುತ್ತಾರೆ. ಬೇಡ. ಅಂಡಾಕಾರದ ದೊಡ್ಡ ಹಜಾರ ದಾಟಿ ಹಿಂದಿನ ಮೆಟ್ಟಿಲ ಮೇಲೆ ನಿಲ್ಲಿ. ತೋಟ ರೂಪಿಸಿದ ಆಂದ್ರೆ ಲೆ ನೋತ್ರ್ ಕಣ್ಣಿಗೆ ಮಾಡಿದ ಮೋಸ ಅಲ್ಲಿಂದಲೇ ಶುರು. ಚೌಕ ಕೊಳದ ಬೆನ್ನಿಗೇ ಕಲ್ಲಿನ ಗುಹೆಗಳ ಸಾಲು, ಅದರ ಮೇಲೆ ಚಿನ್ನದ ಬಣ್ಣದ ಹರ್ಕ್ಯುಲಿಸ್. ಹತ್ತು ನಿಮಿಷದ ದಾರಿ ಅನಿಸುತ್ತದೆ. ನಡೆದಂತೆ ಗುಹೆಗಳು ಹಿಂದೆ ಸರಿಯುತ್ತವೆ. ಕೊಳದ ಆಚೆ ನೆಲ ಕುಸಿದು, ಅಷ್ಟು ಹೊತ್ತೂ ಕಾಣದಿದ್ದ ಅಡ್ಡ ಕಾಲುವೆ ಬಾಯಿ ತೆರೆಯುತ್ತದೆ. ಉದ್ದ ಸುಮಾರು ಒಂದು ಕಿಲೋಮೀಟರ್, ನಡುವೆ ದಾಟಲು ಸೇತುವೆಯಿಲ್ಲ, ತುದಿ ಸುತ್ತಿಯೇ ಹೋಗಬೇಕು. ಬಹಳ ಜನ ಇಲ್ಲೇ ಕೈಚೆಲ್ಲಿ ಹಿಂತಿರುಗುತ್ತಾರೆ. ಹರ್ಕ್ಯುಲಿಸ್‌ವರೆಗೆ ಹೋಗಿ ತಿರುಗಿ ನೋಡಿದರೆ ಮಾತ್ರ ಲೆಕ್ಕ ಚುಕ್ತಾ. ಹೋಗಿಬರಲು ಎರಡು ಗಂಟೆ ಇಟ್ಟುಕೊಳ್ಳಿ. ಜಲ್ಲಿ ದಾರಿ, ಮಗುವಿನ ತಳ್ಳುಗಾಡಿಗೆ ಕಷ್ಟ. ಬಾಡಿಗೆಗೆ ಬ್ಯಾಟರಿ ಗಾಡಿ ಸಿಗುತ್ತದೆ, ಆದರೆ ಆ ವೇಗಕ್ಕೆ ಮೋಸದ ಮಜವೇ ಹೋಗುತ್ತದೆ.

ಒಂದು ಸಣ್ಣ ಪ್ರಯೋಗ: ಫೋನಿನ ವೈಡ್ ಲೆನ್ಸ್ ಈ ತೋಟದಲ್ಲಿ ದೂರದ್ದನ್ನೆಲ್ಲ ಇನ್ನೂ ದೂರ ತಳ್ಳಿಬಿಡುತ್ತದೆ. ಎರಡು ಪಟ್ಟು ಜೂಮ್ ಹಾಕಿದರೆ ಕೊಳ, ಗುಹೆ ಎರಡೂ ಅಂಟಿಕೊಂಡಂತೆ, ಕಣ್ಣಿಗೆ ಕಂಡ ಹಾಗೇ ಬರುತ್ತವೆ. ಗಾಳಿಯಿಲ್ಲದ ಹೊತ್ತಿನಲ್ಲಿ ಇಡೀ ಅರಮನೆ ಚೌಕ ಕೊಳದೊಳಗೆ ತಲೆಕೆಳಗಾಗಿ ಬೀಳುತ್ತದೆ. ನಿಲ್ಲಬೇಕಾದ ಜಾಗ ನಾನು ಹೇಳುವುದಿಲ್ಲ, ಹುಡುಕಿಕೊಳ್ಳಿ.

ಗುಮ್ಮಟಕ್ಕೆ ಬೇರೆ ಟಿಕೆಟ್, ಕಡಿದಾದ ಮೆಟ್ಟಿಲು. ಅದನ್ನು ಕೊನೆಗೆ ಇಡಿ: ಎತ್ತರದಿಂದ ಕೊಳಗಳ ನಿಜವಾದ ಅಳತೆ ಬಯಲಾಗಿ, ಮೊದಲೇ ಹತ್ತಿದವರಿಗೆ ಕೆಳಗೆ ಏನೂ ಉಳಿಯದು. ಹಿಂದಿನ ಮೆಟ್ಟಿಲ ಕೆಳಗೆ, ಗಿಡಗಳನ್ನು ಕಸೂತಿಯಂತೆ ಕತ್ತರಿಸಿದ್ದ ಪಾತಿಗಳ ಹಳೆಯ ಚಿತ್ರ ನೋಡಿ ಹೋಗಬೇಡಿ. ರೋಗ, ಹುಳು ಹತ್ತಿದ ಬಾಕ್ಸ್ ಗಿಡಗಳನ್ನು 2019ರಲ್ಲಿ ಕಿತ್ತು ಹಾಕಿದ್ದಾರೆ.

ಕೋಣೆಗಳಿಗೆ ಒಂದೂವರೆ ಗಂಟೆ ಸಾಕು. ಈ ಅರಮನೆ ಕಟ್ಟಿಸಿದ ಹಣಕಾಸು ಮಂತ್ರಿ ನಿಕೊಲಾ ಫೂಕೆ 1661ರ ಆಗಸ್ಟ್ 17ರಂದು ಇಲ್ಲಿ 14ನೇ ಲೂಯಿಗೆ ಔತಣ ಕೊಟ್ಟ, ಮೂರು ವಾರದೊಳಗೆ ಬಂಧಿಯಾದ. ಕಟ್ಟಡ ರೂಪಿಸಿದ ಲೆ ವೋ, ಚಿತ್ರಕಾರ ಲೆ ಬ್ರೂನ್, ತೋಟದ ಲೆ ನೋತ್ರ್ ಮೂವರನ್ನೂ ದೊರೆ ವರ್ಸೇಲ್ಸ್‌ಗೆ ಕರೆಸಿಕೊಂಡ. ದೊಡ್ಡ ಹಜಾರದ ಚಾವಣಿ ನೋಡಿ. ಲೆ ಬ್ರೂನ್ ಅಲ್ಲಿ ಬರೆಯಬೇಕಿದ್ದ ಚಿತ್ರ ಮುಗಿಯಲೇ ಇಲ್ಲ.

ಬೇಸಿಗೆಯ ಶನಿವಾರ ಸಂಜೆ ಸುಮಾರು 2000 ಮೇಣದಬತ್ತಿ ಹಚ್ಚುತ್ತಾರೆ, ಟಿಕೆಟ್ ತುಸು ದುಬಾರಿ. ಆ ರಾತ್ರಿ ವಾಪಸ್ ಸವಾರಿ ಗೊತ್ತು ಮಾಡಿಕೊಳ್ಳದೆ ಹೊರಡಬೇಡಿ.