ಬಿಸಿಲು ಶುರುವಾಯ್ತು, ಪ್ರೋಟೀನ್ ಡಬ್ಬಿ ಎಲ್ಲಿಟ್ಟಿದ್ದೀರಿ?

ವಿಜಯಪುರದ ಜಿಮ್ ಗೆಳೆಯರೇ, ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಪತ್ರಾಸ್ ಹೊದಿಸಿದ ಮನೆಯೊಳಗೆ ಇನ್ನೂ ಜಾಸ್ತಿ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ದಿನಾಂಕ, ಅದನ್ನು ತಂಪಾದ ಒಣ ಜಾಗದಲ್ಲಿ ಇಟ್ಟರೆ ಮಾತ್ರ ಲೆಕ್ಕಕ್ಕೆ.

ವೇ ಪ್ರೋಟೀನ್ ಹಾಲಿನಿಂದ ಬಂದದ್ದು. ಶಾಖ, ತೇವ ಎರಡೂ ಸೇರಿದರೆ ಅದರಲ್ಲಿರುವ ಹಾಲಿನ ಸಕ್ಕರೆ ಪ್ರೋಟೀನ್ ಜೊತೆ ಅಂಟಿಕೊಳ್ಳುತ್ತದೆ. ಪುಡಿ ಕಂದು ಬಣ್ಣಕ್ಕೆ ತಿರುಗುತ್ತದೆ, ಲೈಸಿನ್ ಅನ್ನೋ ಮುಖ್ಯ ಅಮೈನೋ ಆಮ್ಲ ಕಡಿಮೆಯಾಗುತ್ತದೆ. ಬಣ್ಣ ಬದಲಾಗಿದ್ದರೆ, ಮುಗ್ಗಲು ವಾಸನೆ ಬಂದರೆ, ತಾರೀಖು ಇದ್ದರೂ ಚೆಲ್ಲಿಬಿಡಿ. ದುಡ್ಡು ಹೋಯ್ತು ಅಂತ ಹೊಟ್ಟೆ ಉರಿಯುತ್ತದೆ ನಿಜ, ಆದರೆ ಹೊಟ್ಟೆ ಕೆಡೋದು ಬೇಡ ಅಲ್ವಾ?

ಒಲೆ ಪಕ್ಕ, ಕಿಟಕಿ ಕಟ್ಟೆ, ಬೈಕ್ ಡಿಕ್ಕಿ ಬೇಡ. ಫ್ರಿಜ್ಜೂ ಬೇಡ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದು ಮುಚ್ಚಳ ತೆರೆದರೆ ಒಳಗೆ ನೀರು ಬೆವರುತ್ತದೆ. ಗೋಡೆಯೊಳಗಿನ ಕಪಾಟಿನ ಕೆಳಗಿನ ಖಾನೆ ಸಾಕು. ಸ್ಕೂಪ್ ತೊಳೆದರೆ ಪೂರ್ತಿ ಒಣಗಿಸಿಯೇ ಒಳಗಿಡಿ. ಸಿಲಿಕಾ ಜೆಲ್ ಪೊಟ್ಟಣ ಸುಮ್ನೆ ಬಿಸಾಡಬೇಡಿ, ತೇವ ಹೀರುವ ಕೆಲಸ ಅದರದ್ದೇ.

ಕ್ರಿಯೇಟಿನ್ (ವ್ಯಾಯಾಮಕ್ಕೆ ಕಸುವು ಬರಲೆಂದು ನೀರಲ್ಲಿ ಕಲಸಿ ಕುಡಿಯುವ ಪುಡಿ) ಗಟ್ಟಿ ಪ್ರಾಣಿ. ಒಣ ಪುಡಿಯಾಗಿದ್ದರೆ ಬೇಗ ಕೆಡುವುದಿಲ್ಲ. ನೀರಿಗೆ ಕಲಸಿಟ್ಟರೆ ಮಾತ್ರ ನಿಧಾನವಾಗಿ ಕ್ರಿಯೇಟಿನಿನ್ ಅನ್ನೋ ಉಪಯೋಗವಿಲ್ಲದ ವಸ್ತು ಆಗುತ್ತದೆ, ಹಾಗಾಗಿ ಆಗಲೇ ಕುಡಿದುಬಿಡಿ. ಮೀನೆಣ್ಣೆ ಮಾತ್ರೆ ಕಮಟು ವಾಸನೆ ಹೊಡೆದರೆ ಮುಟ್ಟಬೇಡಿ.

ಆಫರ್‌ನಲ್ಲಿ ದೊಡ್ಡ ಡಬ್ಬಿ ತರುವ ಮುಂಚೆ ತಾರೀಖು ನೋಡಿ. ಒಬ್ಬರೇ ಕುಡಿಯುವುದಾದರೆ ಒಂದು ಕೆಜಿಯದೇ ವಾಸಿ.